ಕುರ್ಚಿಯ ಅಡಿಯಲ್ಲಿರುವ ಮುದ್ರೆ

ಫ್ರಾನ್ಸಿನ ವರ್ಸೇಲ್ಸ್ ಅರಮನೆ ದುಡ್ಡು ಕೊಟ್ಟು ಕೊಂಡಿದ್ದ 18ನೇ ಶತಮಾನದ ಕುರ್ಚಿಗಳಲ್ಲಿ ಕೆಲವು ನಕಲಿ ಎಂಬ ಸುದ್ದಿ 2016ರಲ್ಲಿ ಹೊರಬಿತ್ತು. ತಜ್ಞರೇ ಮೋಸ ಹೋಗಿದ್ದು ಹೇಗೆ? ಉತ್ತರ ಬೇಕಾದರೆ ಆ ಕಾಲದ ಪ್ಯಾರಿಸ್‌ನ ಬಡಗಿಗಳ ಹತ್ತಿರ ಹೋಗಬೇಕು.

ಇಟಲಿಯಲ್ಲಿ ಜ್ವಾಲಾಮುಖಿಯಡಿ ಹೂತುಹೋಗಿದ್ದ ರೋಮನ್ ಊರುಗಳನ್ನು ಅಗೆಯಲು ಶುರುಮಾಡಿದರು: 1738ರಲ್ಲಿ ಹರ್ಕ್ಯುಲೇನಿಯಂ, ಹತ್ತು ವರ್ಷದ ನಂತರ ಪೊಂಪೆ. ನೆಲ ಅಗೆದಂತೆಲ್ಲ ಹಳೇ ರೋಮಿನ ರೂಪಗಳು ಯುರೋಪಿಗೆ ಹುಚ್ಚು ಹಿಡಿಸಿದವು. ಬಳುಕುವ ಕಾಲಿನ ಕುರ್ಚಿ ಹೋಗಿ ಕಂಬದಂಥ ನೇರ ಕಾಲಿನದು ಬಂತು. 1774ರಲ್ಲಿ ಫ್ರಾನ್ಸಿನ ರಾಜ ಹದಿನಾರನೇ ಲೂಯಿ ಪಟ್ಟಕ್ಕೆ ಬರುವಷ್ಟರಲ್ಲಿ ಈ ಶೈಲಿ ಬೇರೂರಿತ್ತು.

ಆದರೆ ಒಂದು ಬೀರು ಒಬ್ಬನ ಕೆಲಸವಲ್ಲ. ಮರದ ಚೌಕಟ್ಟು, ಮೇಲಿನ ತೆಳು ಹೊದಿಕೆ ಹಲಗೆ, ಕಂಚಿನ ಎರಕ, ಚಿನ್ನದ ಲೇಪ: ಒಂದೊಂದಕ್ಕೂ ಬೇರೆ ಕೈ. ಕಂಚಿನ ಕೆಲಸಕ್ಕಂತೂ ಬೇರೆಯದೇ ಕಸುಬುದಾರರ ಸಂಘಗಳಿದ್ದವು. ಬಡಗಿಗಳ ಸಂಘ 18ನೇ ಶತಮಾನದ ನಡುವಿನಲ್ಲಿ ಮುದ್ರೆ ಕಡ್ಡಾಯ ಮಾಡಿತು. ಯಜಮಾನ ಬಡಗಿ ತನ್ನ ಹೆಸರನ್ನು ಮರಕ್ಕೆ ಒತ್ತಬೇಕು. ಉಳಿದವರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

ಚಿನ್ನ ಲೇಪಿಸುವವನನ್ನೇ ನೋಡಿ. ಚಿನ್ನವನ್ನು ಪಾದರಸದಲ್ಲಿ ಕಲಸಿ ಕಂಚಿಗೆ ಬಳಿದು ಕೆಂಡದ ಮೇಲೆ ಕಾಯಿಸುತ್ತಿದ್ದ. ಪಾದರಸ ಆವಿಯಾಗುತ್ತಿತ್ತು, ಚಿನ್ನ ಉಳಿಯುತ್ತಿತ್ತು. ಆ ಆವಿ ಅವನ ಶ್ವಾಸಕ್ಕೇ ಹೋಗುತ್ತಿತ್ತು. ಕೈ ನಡುಗುವುದು, ಹಲ್ಲು ಉದುರುವುದು ಆ ಕಸುಬಿನ ಕಾಯಿಲೆಗಳು. ಇನ್ನು 1780ರ ದಶಕದ ಫ್ಯಾಷನ್ನಾಗಿದ್ದ ಮಹೋಗನಿ ಮರ? ಅದು ಬರುತ್ತಿದ್ದದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ದುಡಿಯುತ್ತಿದ್ದ ಕೆರಿಬಿಯನ್ ವಸಾಹತುಗಳಿಂದ. ಇಷ್ಟು ಜನರ ಬೆವರಿಗೆ ಒಂದೇ ಹೆಸರಿನ ಮುದ್ರೆ ಸಾಕಾಗುತ್ತದಾ?

ಮುದ್ರೆ ಇದ್ದವರ ಬದುಕೂ ಹಸನಾಗೇನೂ ಇರಲಿಲ್ಲ. ಜರ್ಮನಿಯಿಂದ ಬಂದ ಜಾನ್ ಹೆನ್ರಿ ರೀಸ್ನರ್ ರಾಣಿ ಮೇರಿ ಆಂಟೊನೆಟ್‌ಗೆ ಮೇಜು, ಬೀರು ಮಾಡಿಕೊಟ್ಟವನು. ಫ್ರೆಂಚ್ ಕ್ರಾಂತಿ ಬಂತು. 1791ರಲ್ಲಿ ಸಂಘಗಳು ರದ್ದಾದವು. 1793-94ರಲ್ಲಿ ವರ್ಸೇಲ್ಸಿನ ಸಾಮಾನು ಹರಾಜಾಯಿತು, 17,000ಕ್ಕೂ ಜಾಸ್ತಿ ಬಾಬ್ತು. ತಾನೇ ಮಾಡಿದ ಕೆಲವನ್ನು ರೀಸ್ನರ್ ಅಲ್ಲಿ ಕೊಂಡುಕೊಂಡ, ಮತ್ತೆ ಮಾರಿ ಲಾಭ ಮಾಡೋಣ ಅಂತ. ಆದರೆ ಕೊಳ್ಳುವ ಶ್ರೀಮಂತರೇ ಊರು ಬಿಟ್ಟಿದ್ದರು. 1806ರಲ್ಲಿ ಅವನು ತೀರಿಕೊಂಡ.

ಸಾಕಷ್ಟು ಸಾಮಾನು ಇಂಗ್ಲೆಂಡಿನ ಧನಿಕರ ಮನೆ ಸೇರಿತು. 19ನೇ ಶತಮಾನದಲ್ಲಿ ಒಳ್ಳೊಳ್ಳೆ ಪ್ರತಿಗಳೂ ತಯಾರಾದವು. ಈಗ ಅವೂ ಪುರಾತನವೇ! ಅಸಲಿ ಯಾವುದು ಅಂತ ತಿಳಿಯಲು ಮುದ್ರೆಗಿಂತ ಮರ ನೋಡುವುದು ಮೇಲು. ಕೈಗರಗಸದಲ್ಲಿ ಸೀಳಿದ ಹಳೇ ಹೊದಿಕೆ ಹಲಗೆ ದಪ್ಪ, ಯಂತ್ರದ್ದು ತೆಳು. ಆದರೂ ಮಾರುಕಟ್ಟೆ ಇವತ್ತಿಗೂ ಹೆಸರಿಗೇ ಬೆಲೆ ಕಟ್ಟುತ್ತದೆ. ನಕಲಿ ಮಾಡುವವರಿಗೂ ಒತ್ತಲು ಸುಲಭವಾಗಿರುವುದು ಅದೇ ಮುದ್ರೆ.