ಸಕ್ಯುಲೆಂಟ್ ಗಿಡ: ಬೀಜ ಹಾಕೋದಾ, ಕೊಂಡು ತರೋದಾ?

ಪ್ರಶ್ನೆ: ಆನ್‌ಲೈನ್‌ನಲ್ಲಿ ನೂರು ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ಹಿಡಿದಿಡುವ ಗಿಡ) ಬೀಜದ ಪ್ಯಾಕೆಟ್ ಒಂದು ಗಿಡದ ಬೆಲೆಗೇ ಸಿಗುತ್ತದೆ. ಮೇಲೆ ‘ಹಾರ್ಡಿ’ ಅಂತಲೂ ಬರೆದಿರುತ್ತದೆ. ನಮ್ಮದು ವಿಜಯಪುರ, ಮಾಳಿಗೆ ಮೇಲೆ ಬಿಸಿಲಿಗೇನೂ ಬರವಿಲ್ಲ. ಹೀಗಿರುವಾಗ ನರ್ಸರಿಗೆ ಹೋಗಿ ಒಂದೊಂದೇ ಗಿಡ ಯಾಕೆ ತರಬೇಕು?

ಎರಡು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ. ಪ್ಯಾಕೆಟ್ ಮೇಲೆ ಅಚ್ಚ ನೀಲಿ, ನೇರಳೆ ಬಣ್ಣದ ಗಿಡಗಳ ಚಿತ್ರವಿತ್ತು. ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜ. ಟ್ರೇಗೆ ಉದುರಿಸಿ, ನೀರು ಚಿಮುಕಿಸಿ, ದಿನಾ ಬೆಳಿಗ್ಗೆ ಚಹಾ ಹಿಡಿದುಕೊಂಡು ಹೋಗಿ ನೋಡಿದ್ದೇ ನೋಡಿದ್ದು. ವಾರ ಕಳೆಯುವಷ್ಟರಲ್ಲಿ ಕೆಂಪು ಕಾಂಡದ ಸಸಿಗಳು ಎದ್ದವು. ತಿಂಗಳಾದ ಮೇಲೆ ಹಪ್ಪಳ ಒಣಗಿಸಲು ಬಂದ ಅವ್ವ ಟ್ರೇ ನೋಡಿದಳು. “ಗೋಳಿ ಪಲ್ಯಾ ಯಾಕ ಹಚ್ಚಿಯೋ? ಹೊಲದಾಗ ಬೇಕಾದಷ್ಟು ಐತಿ, ಇದಕ್ಕೂ ರೊಕ್ಕಾ ಕೊಟ್ಟೇನು?” ಅಂದಳು. ಮಾರಿದವರ ಜೊತೆ ಜಗಳ ಆಡಲೂ ನನಗೆ ಬಾಯಿರಲಿಲ್ಲ. ದಪ್ಪ ಎಲೆಯಲ್ಲಿ ನೀರು ಹಿಡಿದಿಡುವ ಗೋಳಿಯೂ ಒಂದು ಸಕ್ಯುಲೆಂಟೇ ಅಲ್ವಾ!

ಹಾಗಾಗಿ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬುಡ ಉಬ್ಬಿದ ಅಡೇನಿಯಂ ಮತ್ತು ಟೇಬಲ್ ರೋಸ್ ಆದರೆ ಬೀಜ ಹಾಕಿ. ಉಳಿದವಕ್ಕೆ ಒಂದು ಗಿಡ ತಂದು, ಅದರಿಂದಲೇ ಹತ್ತು ಮಾಡಿಕೊಳ್ಳಿ.

ಮೊದಲು ಆ ‘ಹಾರ್ಡಿ’ ವಿಷಯ. ಅದು ಹಿಮ ಬೀಳುವ ದೇಶಗಳ ಮಾತು. ಅಲ್ಲಿ ಗಟ್ಟಿ ಗಿಡ ಎಂದರೆ ಚಳಿಗಾಲವನ್ನು ಹೊರಗೇ ಕಳೆದು ಬದುಕುವ ಗಿಡ. ಸೆಂಪರ್‌ವೈವಮ್ ಎಂಬುದು ಯುರೋಪಿನ ಬೆಟ್ಟಗಳ ಗಿಡ. ಮೈನಸ್ 20 ಡಿಗ್ರಿಯಲ್ಲೂ ಹಿಮದ ಕೆಳಗೆ ತಣ್ಣಗೆ ಕೂತಿರುತ್ತದೆ. ಅದನ್ನೇ ತಂದು ವಿಜಯಪುರದ ಮೇ ತಿಂಗಳ ಮಾಳಿಗೆ ಮೇಲಿಟ್ಟರೆ? ಹಗಲು 40 ಡಿಗ್ರಿ ದಾಟುತ್ತದೆ, ರಾತ್ರಿಯೂ ಕಾಂಕ್ರೀಟು ಬಿಸಿ ಉಗುಳುತ್ತಿರುತ್ತದೆ. ಪಾಪ, ಅದು ಇದಕ್ಕೆ ಹುಟ್ಟಿದ ಗಿಡವೇ ಅಲ್ಲ. ನಮ್ಮ ಕಡೆ ಗಟ್ಟಿ ಎಂದರೆ ಲೋಳೆಸರ, ಕತ್ತಾಳೆ, ಕಾಡುಬಸಳೆ, ಸ್ನೇಕ್ ಪ್ಲಾಂಟ್, ಅಡೇನಿಯಂ. ನರ್ಸರಿಗಳಲ್ಲಿ ಜೇಡ್ ಎಂದು ಮಾರುವ ಸಣ್ಣೆಲೆಯ ಗಿಡವೂ ಈ ಸಾಲಿಗೆ ಸೇರುತ್ತದೆ. ಅದು ನಿಜವಾದ ಜೇಡ್ ಅಲ್ಲ, ಪೋರ್ಚುಲಕೇರಿಯ. ಆದರೆ ನಮ್ಮ ಬಿಸಿಲಿಗೆ ನಿಜವಾದ ಜೇಡ್‌ಗಿಂತ ಅದೇ ಮೇಲು. ಬೆಳಗಾವಿಯವರ ಕಷ್ಟ ಬೇರೆ. ಅಲ್ಲಿ ಬಿಸಿಲು ಅಷ್ಟು ಸುಡುವುದಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ. ಅಲ್ಲಿ ಗಿಡ ಒಣಗಿ ಸಾಯುವುದಿಲ್ಲ, ಕೊಳೆತು ಸಾಯುತ್ತದೆ.

ಇನ್ನು ಬೀಜದ ನಿಜವಾದ ತೊಂದರೆ ಏನು ಗೊತ್ತಾ? ದೊಡ್ಡ ಗಿಡಕ್ಕೆ ಬೇಕಾದದ್ದು ಒಂದು, ಮರಿಗೆ ಬೇಕಾದದ್ದು ಅದರ ಉಲ್ಟಾ. ಎಲೆಗಳನ್ನೇ ಗುಲಾಬಿ ಹೂವಿನಂತೆ ಜೋಡಿಸಿಕೊಳ್ಳುವ ಎಚೆವೇರಿಯಾ ಬೆಳೆದ ಮೇಲೆ ಎರಡು ವಾರ ನೀರು ಮರೆತರೂ ನಡೆಯುತ್ತದೆ, ಎಲೆಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿರುತ್ತದೆ. ಗುಂಡುಪಿನ್ನಿನ ತಲೆಯಷ್ಟಿರುವ ಸಸಿಗೆ ಆ ಗಂಟು ಎಲ್ಲಿಂದ ಬರಬೇಕು? ಅರ್ಧ ದಿನ ಮಣ್ಣು ಒಣಗಿದರೆ ಕಥೆ ಮುಗಿಯಿತು. ಸರಿ, ತೇವ ಇರಲಿ ಎಂದು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಬಿಸಿಲಿಗೆ ಒಳಗೆ ಬೆಂದುಹೋಗುತ್ತದೆ. ನೆರಳಿಗಿಟ್ಟು ನೀರು ಜಾಸ್ತಿಯಾದರೆ ಬೂಷ್ಟು ಹಿಡಿದು, ಬುಡ ಕೊಳೆತು ಮಲಗುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ ಅಗಿ ಮಾಡಿದವರಿಗೆ ಈ ರೋಗ ಗೊತ್ತೇ ಇರುತ್ತದೆ. ಇದನ್ನೆಲ್ಲ ದಾಟಿದರೂ ಎಚೆವೇರಿಯಾ ಎರಡು ರೂಪಾಯಿ ನಾಣ್ಯದಷ್ಟಾಗಲು ತಿಂಗಳುಗಟ್ಟಲೆ ಕಾಯಬೇಕು. ಕಲ್ಲಿನಂತೆ ಕಾಣುವ ಲಿಥಾಪ್ಸ್ ಬೀಜದಿಂದ ಹೂವಿಗೆ ಬರಲು ಸುಮಾರು ಮೂರು ವರ್ಷ.

ಇಷ್ಟಾದರೂ ಚಿತ್ರದಲ್ಲಿದ್ದದ್ದೇ ಬರುತ್ತದೆ ಎಂಬ ಭರವಸೆಯಿಲ್ಲ. ಅಂಗಡಿಯ ಚಂದದ ಎಚೆವೇರಿಯಾಗಳಲ್ಲಿ ಬಹಳಷ್ಟು ಹೈಬ್ರಿಡ್. ಆಪೂಸ್ ಮಾವಿನ ಗೊರಟೆ ಹೂತರೆ ಆಪೂಸೇ ಬರುತ್ತದಾ? ಇದೂ ಹಾಗೆಯೇ. ಅಚ್ಚ ನೀಲಿ ಬಣ್ಣವಂತೂ ಕಂಪ್ಯೂಟರ್‌ನಲ್ಲಿ ಬಳಿದದ್ದು.

ಆದರೆ ಅಡೇನಿಯಂ ವಿಷಯಕ್ಕೆ ಬಂದರೆ ನಾನು ಪೂರ್ತಿ ಬೀಜದ ಪಕ್ಷ. ಅದರ ಅಂದ ಇರುವುದು ಉಬ್ಬಿದ ಬುಡದಲ್ಲಿ. ಟೊಂಗೆ ನೆಟ್ಟ ಗಿಡದಲ್ಲಿ ಅಂಥ ದುಂಡು ಬುಡ ಸುಲಭಕ್ಕೆ ಬರುವುದಿಲ್ಲ. ಬೀಜದ ಗಿಡಕ್ಕೆ ಅದು ಹುಟ್ಟುಗುಣ. ಪರಿಚಯದವರ ಮನೆಯ ಅಡೇನಿಯಂ ಕಾಯಿ ಕಟ್ಟಿದೆಯಾ ನೋಡಿ. ಎತ್ತಿನ ಕೊಂಬಿನಂತೆ ಜೋಡಿ ಕಾಯಿ ಇರುತ್ತವೆ. ಹಣ್ಣಾಗುವ ಮುಂಚೆ ದಾರ ಸುತ್ತಿಬಿಡಿ. ಇಲ್ಲದಿದ್ದರೆ ಒಂದು ಮಧ್ಯಾಹ್ನ ಸಿಡಿದು ಬೀಜವೆಲ್ಲ ಗಾಳಿಪಾಲು. ಕಂದು ಕಡ್ಡಿಯಂಥ ಬೀಜ, ಎರಡೂ ತುದಿಗೆ ರೇಷ್ಮೆ ಕುಚ್ಚು. ಹಾರಲು ಹುಟ್ಟಿದ್ದು ಎಂದು ನೋಡಿದರೇ ತಿಳಿಯುತ್ತದೆ. ಕುಚ್ಚು ಕಿತ್ತು, ಬೀಜ ಅಡ್ಡ ಮಲಗಿಸಿ, ಮೇಲೆ ತೆಳ್ಳಗೆ ಉಸುಕು ಉದುರಿಸಿದರೆ ಸಾಕು. ತಾಜಾ ಬೀಜವಾದರೆ ಸುಮಾರು ಒಂದು ವಾರದಲ್ಲಿ ಮೊಳಕೆ. ಹೊರಬರುವಾಗಲೇ ಬುಡ ಕಡಲೆಕಾಳಿನಂತೆ ಉಬ್ಬಿರುತ್ತದೆ. ಫೆಬ್ರುವರಿ ಕೊನೆಯ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದೆರಡು ವರ್ಷಕ್ಕೆ ಹೂವು. ಹೂವಿನ ಬಣ್ಣ ತಾಯಿಯದ್ದೇ ಬರಬೇಕೆಂದಿಲ್ಲ. ಇಂಥದ್ದೇ ಸುತ್ತುಹೂವು ಬೇಕೆಂದರೆ ಕಸಿ ಮಾಡಿದ ಗಿಡವನ್ನೇ ಕೊಳ್ಳಿ. ಒಂದು ಎಚ್ಚರ: ಇದರ ಹಾಲು ವಿಷ. ಮಕ್ಕಳ ಕೈಗೆ, ಆಡಿನ ಬಾಯಿಗೆ ಸಿಗದಂತಿಡಿ.

ಟೇಬಲ್ ರೋಸ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬೀಜ ಉದುರಿಸಿದರೆ ಎರಡು ತಿಂಗಳೊಳಗೆ ಹೂವು. ಸುಮ್ನೆ ಒಂದು ಕುಡಿ ಚಿವುಟಿ ಚುಚ್ಚಿದರೂ ಬೇರು ಬಿಡುತ್ತದೆ. ಬೀಜ ಹಾಕುವ ಆಸೆ ಇನ್ನೂ ತೀರದಿದ್ದರೆ ಒಂದು ಡ್ರಾಗನ್ ಹಣ್ಣು ತನ್ನಿ, ಅದೂ ಕಳ್ಳಿ ಜಾತಿಯದೇ. ತಿಂದು ಉಳಿದ ತಿರುಳಿನ ಬೀಜ ತೊಳೆದು ಉದುರಿಸಿ. ಎರಡೆಲೆಯ ನಡುವಿನಿಂದ ಪುಟ್ಟ ಮುಳ್ಳಿನ ಕಂಬ ಎದ್ದು ಬರುವುದನ್ನು ನೋಡುವ ಮಜಾ ಒಂದು ಹಣ್ಣಿನ ಖರ್ಚಿನಲ್ಲೇ ಸಿಗುತ್ತದೆ.

ಗಿಡ ಕೊಳ್ಳುವಾಗ ಎಲೆಯ ಸಂದು ನೋಡಿ. ಹತ್ತಿಯಂಥ ಬಿಳಿ ಪುಡಿ ಇದ್ದರೆ ಅದು ಹಿಟ್ಟು ತಿಗಣೆ, ಮನೆಯ ಉಳಿದ ಗಿಡಗಳಿಗೂ ಹಬ್ಬುತ್ತದೆ. ಕಳ್ಳಿಯ ನೆತ್ತಿಯ ಮೇಲಿನ ಬಣ್ಣದ ಹೂವನ್ನು ಬೆರಳಿಂದ ತಟ್ಟಿ ನೋಡಿ. ಕೆಲವಕ್ಕೆ ಒಣ ಹೂವನ್ನು ಅಂಟಿನಿಂದ ಮೆತ್ತಿರುತ್ತಾರೆ! ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ಹೋಗುವವರಿದ್ದರೆ ಅಲ್ಲಿ ನಾಲ್ಕು ಕಡೆ ಹೋಲಿಸಿ ನೋಡಿ ತರಬಹುದು.

ಮನೆಗೆ ತಂದ ಮೇಲೆ ಬಹಳ ಜನ ತಪ್ಪುವುದು ಇಲ್ಲಿ. ಗಿಡ ಬಂದಿರುವುದು ಪಾಲಿಹೌಸಿನ ನೆರಳಿನಿಂದ, ಬೇರಿನ ಸುತ್ತ ಬರೀ ತೆಂಗಿನ ನಾರಿನ ಪುಡಿ. ಅದು ನೀರು ಹಿಡಿದರೆ ಬಿಡುವುದಿಲ್ಲ, ಪೂರ್ತಿ ಒಣಗಿದರೆ ಮತ್ತೆ ನೀರು ಕುಡಿಯುವುದೂ ಇಲ್ಲ. ಮೆಲ್ಲಗೆ ಉದುರಿಸಿ ತೆಗೆಯಿರಿ. ನಮ್ಮ ಎರೆಮಣ್ಣು ಮಾತ್ರ ಬೇಡ. ಹತ್ತಿ, ಜೋಳಕ್ಕೆ ಅದು ಬಂಗಾರ, ಕುಂಡದಲ್ಲಿ ಕೆಸರು. ನಾನು ಎರಡು ಪಾಲು ದಪ್ಪ ಉಸುಕು ಮತ್ತು ಇಟ್ಟಂಗಿ ಚೂರು, ಒಂದು ಪಾಲು ಕೆಂಪು ಮಣ್ಣು, ಒಂದು ಹಿಡಿ ಎರೆಹುಳು ಗೊಬ್ಬರ ಬೆರೆಸುತ್ತೇನೆ. ಉಸುಕನ್ನು ಸಾಣಿಗೆ ಹಿಡಿದು, ಕೆಳಗೆ ಬಿದ್ದ ನುಣುಪು ಎಸೆದು, ಮೇಲುಳಿದದ್ದನ್ನು ಬಳಸಿ. ನೆಟ್ಟ ನಾಲ್ಕೈದು ದಿನ ನೀರು ಬೇಡ, ಕಿತ್ತ ಬೇರಿನ ಗಾಯ ಮಾಯಲಿ. ಬಿಸಿಲಿಗೂ ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ.

ಇದನ್ನೆಲ್ಲ ಶುರು ಮಾಡಲು ಒಳ್ಳೆಯ ಸಮಯ ದಸರಾ ಆದ ಮೇಲೆ. ವಿಜಯಪುರ, ಬಾಗಲಕೋಟೆಯ ಜೋರು ಮಳೆ ಸೆಪ್ಟೆಂಬರ್‌ನಲ್ಲೇ ಬರುತ್ತದೆ. ಅದು ಮುಗಿದ ಮೇಲೆ ನೆಟ್ಟರೆ ಬೇರು ಊರಲು ಐದು ತಿಂಗಳು ಸಿಗುತ್ತವೆ, ಬೇಸಿಗೆ ಬರುವಷ್ಟರಲ್ಲಿ ಗಿಡ ಗಟ್ಟಿಯಾಗಿರುತ್ತದೆ.

ಒಂದರಿಂದ ಹತ್ತು ಮಾಡುವುದು ಇನ್ನೂ ಸುಲಭ. ಲೋಳೆಸರ ತಾನೇ ಮರಿ ಹಾಕುತ್ತದೆ, ಬಿಡಿಸಿ ನೆಟ್ಟರಾಯಿತು. ಎಚೆವೇರಿಯಾ, ಘೋಸ್ಟ್ ಪ್ಲಾಂಟ್ ಥರದವಕ್ಕೆ ಒಂದು ಎಲೆ ಸಾಕು. ಬುಡ ಹರಿಯದಂತೆ ಎಡಕ್ಕೆ ಬಲಕ್ಕೆ ಅಲುಗಿಸಿ ಇಡಿಯಾಗಿ ಕೀಳಬೇಕು. ಮೂರು ದಿನ ನೆರಳಿಗೆ ಒಣಗಿಸಿ, ಮಣ್ಣಿನ ಮೇಲೆ ಸುಮ್ನೆ ಮಲಗಿಸಿ. ಎರಡು ಮೂರು ವಾರಕ್ಕೆ ನಸುಗೆಂಪು ಬೇರು, ಅದರ ಹಿಂದೆ ಜೋಳದ ಕಾಳಿನಷ್ಟು ಮರಿಗಿಡ. ತಾಯಿ ಎಲೆ ತಾನಾಗಿ ಸುಕ್ಕಾಗುವವರೆಗೆ ಕೀಳಬೇಡಿ, ಮರಿ ಅದರ ನೀರನ್ನೇ ಕುಡಿಯುತ್ತಿರುತ್ತದೆ. ನರ್ಸರಿಗೆ ಹೋದಾಗ ಮೇಜಿನ ಕೆಳಗೂ ಒಮ್ಮೆ ಬಗ್ಗಿ ನೋಡಿ. ಅಲ್ಲಿ ಇಂಥ ಎಲೆಗಳು ಉದುರಿ ಬಿದ್ದಿರುತ್ತವೆ. ಎರಡು ಗಿಡ ಕೊಂಡು ಕೇಳಿದರೆ ನನಗೆ ಇವತ್ತಿನವರೆಗೂ ಯಾರೂ ಇಲ್ಲ ಅಂದಿಲ್ಲ.