ತಪ್ಪು ಯಾರದು, ಲೆಕ್ಕ ಯಾರ ಹೆಸರಲ್ಲಿ?

ಒಂದು ಧರ್ಮದ ಕೆಲವರು ತಪ್ಪು ಮಾಡಿದರೆ ಆ ಧರ್ಮದವರೆಲ್ಲ ಉತ್ತರ ಕೊಡಬೇಕಾ? ಸುಮ್ನೆ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಸಿಟ್ಟು ಬಂದಾಗ ನಡೆದದ್ದೇ ಬೇರೆ. 1948ರಲ್ಲಿ ಗಾಂಧೀಜಿ ಹತ್ಯೆಯಾದಾಗ ಮಹಾರಾಷ್ಟ್ರದಲ್ಲಿ ಕೊಲೆಗಾರನ ಜಾತಿಯವರ ಮನೆಗಳು ಉರಿದವು. 1984ರಲ್ಲಿ ಇಂದಿರಾ ಗಾಂಧಿಯವರನ್ನು ಕೊಂದದ್ದು ಇಬ್ಬರು ಸಿಖ್ ಅಂಗರಕ್ಷಕರು. ಅದಕ್ಕೆ ಸರ್ಕಾರಿ ಲೆಕ್ಕದಲ್ಲೇ ದೆಹಲಿಯೊಂದರಲ್ಲಿ 2,733 ಸಿಖ್ಖರ ಪ್ರಾಣ ಹೋಯಿತು. 1988ರಲ್ಲಿ ನಮ್ಮ ಬೀದರ್‌ನಲ್ಲೂ ಸಿಖ್ ವಿದ್ಯಾರ್ಥಿಗಳ ಕೊಲೆಯಾಯಿತು. ಗುರು ನಾನಕರ ಹೆಸರಿನ ಝರಿ ಹರಿಯುವ ಊರು ಅದು.

ನಾವೆಲ್ಲ ಕಣ್ಣಾರೆ ಕಂಡದ್ದು 2020ರದ್ದು. ಆ ಮಾರ್ಚ್‌ನಲ್ಲಿ ದೆಹಲಿಯ ನಿಜಾಮುದ್ದೀನ್‌ನಲ್ಲಿ, ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧರ್ಮಪ್ರಚಾರ ಸಂಘಟನೆಯ ಕೇಂದ್ರವಾದ ಮರ್ಕಜ್‌ನಲ್ಲಿ ಸಾವಿರಾರು ಜನ ಸೇರಿದ್ದರು. ಕೊರೊನಾ ಸೋಂಕು ಹರಡುವ ಹೊತ್ತಿನಲ್ಲಿ ಅಷ್ಟು ಜನ ಸೇರಿದ್ದು ಸರಿಯಲ್ಲ. ಅದನ್ನು ನಡೆಸಿದವರನ್ನು ಕೇಳಲೇಬೇಕಿತ್ತು. ಆದರೆ ಪ್ರಶ್ನೆ ಅವರ ಬಳಿ ನಿಲ್ಲಲಿಲ್ಲ.

ಕೇಂದ್ರ ಆರೋಗ್ಯ ಇಲಾಖೆ ಈ ಸಭೆಯ ಲೆಕ್ಕವನ್ನು ಬೇರೆಯಾಗಿ ಹೇಳತೊಡಗಿತು. ಏಪ್ರಿಲ್ 18ರಂದು ಕೊಟ್ಟ ಅಂಕಿಯಂತೆ, ದೇಶದ 14,378 ಪ್ರಕರಣಗಳಲ್ಲಿ 4,291ಕ್ಕೆ ಇದರ ನಂಟು. ಅಂಕಿ ಸುಳ್ಳಲ್ಲ. ಆದರೆ ಆಗ ಟೆಸ್ಟ್ ಕಿಟ್‌ಗಳೇ ಕಡಿಮೆ. ಸಭೆಗೆ ಹೋದವರನ್ನೂ ಅವರ ಜೊತೆ ಇದ್ದವರನ್ನೂ ಹುಡುಕಿ ಹುಡುಕಿ ಟೆಸ್ಟ್ ಮಾಡಲಾಯಿತು. ಉಳಿದವರಿಗೆ ಜ್ವರ, ಕೆಮ್ಮು ಬಂದರೂ ಎಷ್ಟೋ ಸಲ ಟೆಸ್ಟ್ ಸಿಗುತ್ತಿರಲಿಲ್ಲ. ಎಲ್ಲಿ ಜಾಸ್ತಿ ಹುಡುಕುತ್ತೇವೋ ಅಲ್ಲೇ ಜಾಸ್ತಿ ಸಿಗುತ್ತದೆ ಅಲ್ವಾ? ಈ ಮಾತು ಅಂಕಿಯ ಜೊತೆ ಮನೆಮನೆಗೆ ಬರಲಿಲ್ಲ. ಬಂದದ್ದು ವಾಟ್ಸಾಪ್ ವಿಡಿಯೊಗಳು. ಬೀದಿಗೆ ಬಂದ ತರಕಾರಿ ಗಾಡಿಯವರ ಹೆಸರು ಕೇಳಿ ವಾಪಸ್ ಕಳಿಸಿದರು. ದೆಹಲಿಯ ಆ ಕಟ್ಟಡ ಎಲ್ಲಿದೆ ಎಂಬುದೇ ಗೊತ್ತಿಲ್ಲದ ಬಡವರು ಅವರು.

ಏಪ್ರಿಲ್ ಮೊದಲ ವಾರದಲ್ಲೇ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಟಿವಿಯಲ್ಲಿ ಮಾತಾಡಿದರು. ಎಲ್ಲೋ ನಡೆದದ್ದಕ್ಕೆ ಇಡೀ ಮುಸ್ಲಿಂ ಸಮುದಾಯವನ್ನು ದೂರಬೇಡಿ, ದೂರಿದರೆ ಕ್ರಮ ತೆಗೆದುಕೊಳ್ಳುತ್ತೇನೆ ಎಂದರು. ಆ ಹೊತ್ತಿಗೆ ಅದು ದೊಡ್ಡ ಮಾತು.

ಹಾಗಂತ ಸಂಸ್ಥೆಗಳನ್ನು ಪ್ರಶ್ನಿಸಲೇಬಾರದು ಅಂತಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ 2002ರಲ್ಲಿ ಬಯಲಾದದ್ದು ನೋಡಿ. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಪಾದ್ರಿಗಳನ್ನು ಕ್ಯಾಥೊಲಿಕ್ ಚರ್ಚಿನ ಮೇಲಿನವರು ಒಂದು ಚರ್ಚಿನಿಂದ ಇನ್ನೊಂದಕ್ಕೆ ಕಳಿಸುತ್ತಿದ್ದರು, ವಿಷಯ ಮುಚ್ಚಿಡುತ್ತಿದ್ದರು. ಅದು ಅಧಿಕಾರದಲ್ಲಿ ಕೂತವರು ಗೊತ್ತಿದ್ದೇ ಮಾಡಿದ ಕೆಲಸ. ಅದಕ್ಕೆ ಸಂಸ್ಥೆಯೇ ಉತ್ತರ ಕೊಡಬೇಕು. ಭಾನುವಾರ ಪ್ರಾರ್ಥನೆಗೆ ಬರುವ ಅಜ್ಜಿ ಯಾಕೆ ಕೊಡಬೇಕು?

ನಮ್ಮಲ್ಲಿ ತಬ್ಲೀಗಿ ಜಮಾತ್‌ನ ಪ್ರಕರಣಗಳಲ್ಲಿ ಕೋರ್ಟುಗಳು ಒಂದೊಂದಾಗಿ ಲೆಕ್ಕ ಬಿಡಿಸಿದವು. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ವಿದೇಶಿಯರ ಮೇಲಿನ ಎಫ್‌ಐಆರ್ ರದ್ದು ಮಾಡಿತು. ಅವರನ್ನು ಬಲಿಪಶು ಮಾಡಿದಂತಿದೆ ಎಂದಿತು. ಡಿಸೆಂಬರ್‌ನಲ್ಲಿ ದೆಹಲಿಯ ಕೋರ್ಟು 36 ವಿದೇಶಿಯರನ್ನು ಬಿಡುಗಡೆ ಮಾಡಿತು. ಅವರು ಆ ದಿನಗಳಲ್ಲಿ ಮರ್ಕಜ್ ಒಳಗಿದ್ದರು ಎಂಬುದನ್ನೂ ಸಾಬೀತು ಮಾಡಲು ಆಗಿರಲಿಲ್ಲ.

ಆಮೇಲೂ ಬಾಕಿ ಇದ್ದವರಲ್ಲಿ 70 ಭಾರತೀಯರಿದ್ದರು. ಲಾಕ್‌ಡೌನ್ ಹೊತ್ತಿನಲ್ಲಿ ಪರದೇಶದಿಂದ ಬಂದವರಿಗೆ ಮನೆ, ಮಸೀದಿಗಳಲ್ಲಿ ಜಾಗ ಕೊಟ್ಟರು ಎಂಬುದು ಅವರ ಮೇಲಿದ್ದ ಆರೋಪ. ದೆಹಲಿ ಹೈಕೋರ್ಟು ಆ ಪ್ರಕರಣಗಳನ್ನು ರದ್ದು ಮಾಡಿದ್ದು 2025ರ ಜುಲೈನಲ್ಲಿ. ಅಷ್ಟು ಹೊತ್ತಿಗೆ ಐದು ವರ್ಷ ಕಳೆದಿತ್ತು.