ಅಲಾಯ್ ವೀಲ್ ಕಪ್ಪಾದರೆ ಮೊದಲು ಬ್ರೇಕ್ ನೋಡಿ

ಕಾರು ತೊಳೆಸಿ ಇನ್ನೂ ವಾರ ಆಗಿಲ್ಲ, ಮುಂದಿನ ಅಲಾಯ್‌ಗಳು ಆಗಲೇ ಮಸಿ ಬಳಿದ ಹಾಗಾಗಿವೆ ಎಂದು ಗ್ಯಾರೇಜಿಗೆ ಬರುವವರು ತುಂಬಾ ಜನ. "ಯಾವ ಲಿಕ್ವಿಡ್ ಹಾಕಿದ್ರೆ ಹೋಗುತ್ತೆ ಸಾರ್?" ಎಂದು ಕೇಳುತ್ತಾರೆ. ಲಿಕ್ವಿಡ್ ಮಾತು ಆಮೇಲೆ. ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದು ನಾಲ್ಕೂ ಚಕ್ರ ನೋಡಿ. ಯಾವ ಚಕ್ರ ಎಷ್ಟು ಕಪ್ಪಾಗಿದೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಅದು ರಸ್ತೆಯ ಧೂಳಲ್ಲ. ಬ್ರೇಕ್ ಒತ್ತಿದಾಗ ಪ್ಯಾಡ್‌ಗಳು ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಪ್ಯಾಡೂ ಸವೆಯುತ್ತದೆ, ಡಿಸ್ಕೂ ಸವೆಯುತ್ತದೆ. ಆ ಪುಡಿಯೇ ಇದು, ಅದರಲ್ಲಿ ಕಬ್ಬಿಣ ಸಾಕಷ್ಟು ಇರುತ್ತದೆ. ಬ್ರೇಕ್ ಹಾಕಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕುಗಳದ್ದು. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದೆ ಮುಚ್ಚಿದ ಡ್ರಮ್ ಬ್ರೇಕ್ ಇರುತ್ತದೆ, ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ. ಹಾಗಾಗಿ ಮುಂದಿನ ಎರಡೂ ಒಂದೇ ಸಮ ಕಪ್ಪಾಗಿ, ಹಿಂದಿನವು ಚೊಕ್ಕವಾಗಿದ್ದರೆ ಗಾಬರಿ ಬೇಡ.

ಆದರೆ ಎಡಗಡೆ ಸುಮಾರಾಗಿದ್ದು ಬಲಗಡೆ ಮಾತ್ರ ಕಡುಕಪ್ಪಾಗಿದ್ದರೆ ತೊಳೆಯುವುದನ್ನು ಬಿಟ್ಟು, ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿಸಿ. ಕ್ಯಾಲಿಪರ್ ಆಚೆ ಈಚೆ ಜಾರಲು ಬೆರಳುದ್ದದ ಎರಡು ಪಿನ್ ಇರುತ್ತವೆ, ಅವಕ್ಕೆ ರಬ್ಬರ್ ಬೂಟ್. ಬೂಟ್ ಹರಿದರೆ ಒಳಗೆ ನೀರು, ಮಣ್ಣು ಸೇರಿ ಗ್ರೀಸ್ ಗಟ್ಟಿಯಾಗುತ್ತದೆ, ಪಿನ್ ತುಕ್ಕು ಹಿಡಿದು ಕೂರುತ್ತದೆ. ಪೆಡಲ್‌ನಿಂದ ಕಾಲು ತೆಗೆದರೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಬಿಚ್ಚಿ ನೋಡಿದರೆ ಒಂದು ಪ್ಯಾಡ್ ದಪ್ಪಗೆ ಉಳಿದಿರುತ್ತದೆ, ಜೊತೆಯದು ಹಿಂದಿನ ತಗಡಿನ ತನಕ ಸವೆದಿರುತ್ತದೆ. ಇದರ ಸುಳಿವು ಮನೆಯಲ್ಲೇ ಸಿಗುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರದ ಹತ್ತಿರ ಕೈ ಒಡ್ಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆ ಮಾತ್ರ ಬಿಸಿ ಜಾಸ್ತಿ ಹೊಡೆದರೆ ಬ್ರೇಕ್ ಹಿಡಿದಿದೆ ಎಂದೇ ಲೆಕ್ಕ. ಪಿನ್ ಒರೆಸಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮತ್ತೆ ಜಾಮ್ ಆಗುತ್ತದೆ.

ಪ್ಯಾಡಿನ ಜಾತಿಯೂ ಮುಖ್ಯ. ಯುರೋಪಿನ ಕಂಪನಿಗಳ ಕಾರುಗಳಲ್ಲಿ ಹೆಚ್ಚಾಗಿ ಲೋಹದ ಅಂಶ ಇರುವ ಪ್ಯಾಡ್ ಬರುತ್ತದೆ. ಹಿಡಿತ ಚೆನ್ನಾಗಿರುತ್ತದೆ, ಪುಡಿಯೂ ಜಾಸ್ತಿ. ಸೆರಾಮಿಕ್ ಪ್ಯಾಡ್ ಹಾಕಿಸಿದರೆ ಪುಡಿ ಕಡಿಮೆ, ಬಣ್ಣವೂ ತಿಳಿ. ನಿಮ್ಮ ಮಾಡೆಲ್ಲಿಗೆ ಒಳ್ಳೆ ಕಂಪನಿಯದ್ದು ಸಿಕ್ಕರೆ ಮಾತ್ರ ಹಾಕಿಸಿ. ಚಕ್ರ ಹೊಳೆಯಲಿ ಎಂದು ಬ್ರೇಕಿನ ಹಿಡಿತ ಬಿಟ್ಟುಕೊಡುವುದನ್ನು ನಾನು ಒಪ್ಪುವುದಿಲ್ಲ. ಓಡಿಸುವ ರೀತಿಯಿಂದಲೂ ಪುಡಿ ತಗ್ಗುತ್ತದೆ. ಸಿಗ್ನಲ್ ಕೆಂಪಾಗಿದ್ದು ಕಂಡ ಕೂಡಲೇ ಆಕ್ಸಿಲರೇಟರ್ ಬಿಡಿ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ.

ಎಲೆಕ್ಟ್ರಿಕ್ ಕಾರಿನಲ್ಲಿ ಮೋಟರ್ರೇ ವೇಗ ತಗ್ಗಿಸುವುದರಿಂದ ಈ ತೊಂದರೆ ತುಂಬಾ ಕಡಿಮೆ. ಯುರೋಪಿನಲ್ಲಿ 2024ರಲ್ಲಿ ಒಪ್ಪಿಗೆ ಪಡೆದ ಯುರೋ 7 ಎಂಬ ವಾಹನ ಮಾಲಿನ್ಯ ನಿಯಮ ಬ್ರೇಕ್ ಪುಡಿಗೂ ಮಿತಿ ಹಾಕಿದೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬ್ಯಾಟರಿ ಕಾರಿಗೆ 3. ಉಸಿರಿಗೆ ಸೇರುವಷ್ಟು ಸಣ್ಣ ಪುಡಿ ಅದು. ದಯವಿಟ್ಟು ಕಂಪ್ರೆಸರ್ ಗಾಳಿ ಬಿಟ್ಟು ಅದನ್ನು ಹಾರಿಸಬೇಡಿ.

ಇನ್ನು ತೊಳೆಯುವ ವಿಚಾರ. ಬಿಸಿ ಪುಡಿ ಅಲಾಯ್ ಮೇಲಿನ ಪಾರದರ್ಶಕ ಲೇಪವಾದ ಲ್ಯಾಕರ್‌ಗೆ ಕಚ್ಚಿಕೊಳ್ಳುತ್ತದೆ. ಮಳೆಯೋ ಇಬ್ಬನಿಯೋ ಬಿದ್ದರೆ ಅದರೊಳಗಿನ ಕಬ್ಬಿಣ ತುಕ್ಕಾಗಿ ಕಿತ್ತಳೆ ಚುಕ್ಕೆ ಮೂಡುತ್ತದೆ. ಕರಾವಳಿಯಲ್ಲಿ ಇದು ಇನ್ನೂ ಬೇಗ. ಅದಕ್ಕೇ ವಾರಕ್ಕೊಮ್ಮೆ, ಚಕ್ರ ತಣ್ಣಗಿರುವಾಗ ಕಾರ್ ಶಾಂಪೂ ಹಾಕಿ ಮೆತ್ತನೆ ಬ್ರಷ್‌ನಲ್ಲಿ ತೊಳೆಯಿರಿ. ಚಕ್ರದ ಬಕೆಟ್, ಬಟ್ಟೆ ಬೇರೆಯೇ ಇರಲಿ. ಅದೇ ಬಟ್ಟೆಯಲ್ಲಿ ಬಾನೆಟ್ ಒರೆಸಿದರೆ ಗೀರು ಗ್ಯಾರಂಟಿ.

ಶಾಂಪೂವಿಗೆ ಬಗ್ಗದ ಕಲೆಗೆ ಐರನ್ ರಿಮೂವರ್ ಸಿಗುತ್ತದೆ. ನೆರಳಿನಲ್ಲಿ ಸ್ಪ್ರೇ ಮಾಡಿ. ಸ್ವಲ್ಪ ಹೊತ್ತಿಗೆ ಕಬ್ಬಿಣ ಇರುವ ಕಡೆಯೆಲ್ಲ ನೇರಳೆ ಬಣ್ಣ ಇಳಿಯುತ್ತದೆ, ಗಂಧಕದ ಕೆಟ್ಟ ವಾಸನೆ ಬರುತ್ತದೆ. ಕೈಗೆ ಗ್ಲೌಸ್ ಇರಲಿ, ಒಣಗುವ ಮುಂಚೆ ತೊಳೆದುಬಿಡಿ. ಕೆಲವು ವಾಟರ್ ಸರ್ವಿಸ್‌ಗಳಲ್ಲಿ ಬೇಗ ಬಿಳುಪಾಗಲಿ ಎಂದು ಆಸಿಡ್ ಹೊಡೆಯುತ್ತಾರೆ. ಬೇಡವೇ ಬೇಡ ಎಂದು ಮೊದಲೇ ಹೇಳಿ. ಡೈಮಂಡ್ ಕಟ್ (ಮುಖವನ್ನು ಯಂತ್ರದಲ್ಲಿ ಕಡೆದು ಹೊಳಪು ಬರಿಸಿದ) ಅಲಾಯ್ ಆದರಂತೂ ಲ್ಯಾಕರ್ ಹಾಳಾಗಿ ಅದರಡಿ ಬಿಳಿ ಹುಳುಕು ಹರಡುತ್ತದೆ, ಆಮೇಲೆ ಅದು ತೊಳೆದು ಹೋಗುವ ಕಲೆಯಲ್ಲ. ಚೊಕ್ಕವಾದ ಚಕ್ರಕ್ಕೆ ವ್ಯಾಕ್ಸೋ ಕೋಟಿಂಗೋ ಮಾಡಿಸಿದರೆ ಮುಂದಿನ ಸಲ ಪುಡಿ ಸುಲಭವಾಗಿ ಬಿಡುತ್ತದೆ, ಬರುವುದು ನಿಲ್ಲುವುದಿಲ್ಲ.

ತೊಳೆದ ಕೂಡಲೇ ಕಾರನ್ನು ಮೂಲೆಗೆ ನಿಲ್ಲಿಸಬೇಡಿ. ಒಂದು ಸಣ್ಣ ಸುತ್ತು ಹೊಡೆದು ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಇಲ್ಲದಿದ್ದರೆ ರಾತ್ರಿ ಡಿಸ್ಕ್ ಮೇಲೆ ಕೂತ ತುಕ್ಕು ಬೆಳಗ್ಗೆ ಮೊದಲ ಬ್ರೇಕಿಗೇ ಉದುರಿ ಮತ್ತೆ ಅಲಾಯ್ ಮೇಲೆ ಬೀಳುತ್ತದೆ.